ಸಪ್ಪೆಯಾದ ಹೊಳೆ

ಶರಾವತಿ ನದಿಯ ತಳಕಳಲೆ, ಗೇರುಸೊಪ್ಪೆ ಜಲಾಶಯಗಳ ನಡುವೆ ನೀರನ್ನು ಏರಿಸಿ ಇಳಿಸುವ 2,000 ಮೆಗಾವಾಟಿನ ವಿದ್ಯುತ್ ಯೋಜನೆಯೊಂದು ಪರಿಸರ ಪರಿಶೀಲನೆಗೆ ಬಂದಿದೆ; ಅದರ ಗುಣದೋಷಗಳನ್ನು ನಾನಿಲ್ಲಿ ಹೇಳತಕ್ಕದ್ದಿಲ್ಲ. ಈ ವಾರ ನನ್ನ ಸಹನೆಯನ್ನು ಕೆಡಿಸಿದ್ದು ಒಂದು ಪದ. ಸ್ನೇಹಿತರ ಮನೆಯಲ್ಲಿ ಸಿಕ್ಕ ನಿವೃತ್ತ ಎಂಜಿನಿಯರೊಬ್ಬರು, ಅಣೆಕಟ್ಟಿನಿಂದ ‘ಕನಿಷ್ಠ ಹರಿವು’ ಬಿಟ್ಟರೆ ನದಿಯ ಋಣ ತೀರಿದಂತೆಯೇ ಎಂದು ಕಾಫಿ ಹೀರುತ್ತ ಅಪ್ಪಣೆ ಕೊಡಿಸಿದರು. ‘ಕನಿಷ್ಠ’ ಎಂಬ ಶಬ್ದದೊಡನೆ ನನ್ನ ಜಗಳ ಹಳೆಯದು. ಕನಿಷ್ಠ ವೇತನವೆನ್ನಿ, ಕನಿಷ್ಠ ಅಂಕವೆನ್ನಿ, ಯಾರಿಗೆ ನ್ಯಾಯವಾಗಿ ಸಲ್ಲಬೇಕಾದುದನ್ನು ಕೊಡಲು ಮನಸ್ಸಿಲ್ಲವೋ ಅವರಿಗೆಂದೇ ನಮ್ಮ ಕಚೇರಿಗಳು ಅದನ್ನು ಕಾದಿರಿಸಿವೆ.

ಗಂಗೆಯ ಮೇಲ್ಭಾಗದ ಅಣೆಕಟ್ಟುಗಳಿಗೆ 2018ರಲ್ಲಿ ವಿಧಿಸಿದ ಕನಿಷ್ಠ ಹರಿವಿನ ನಿಯಮವಾದರೂ ಋತುವಿಗೊಂದು ಪ್ರಮಾಣವನ್ನಿಟ್ಟಿತು: ಚಳಿಗಾಲದ ತಿಂಗಳುಗಳಲ್ಲಿ ಸರಾಸರಿ ಹರಿವಿನ ಶೇಕಡ 20, ಮಳೆಗಾಲದಲ್ಲಿ 30. ಶರಾವತಿಯ ಅವಸ್ಥೆ ಇನ್ನೂ ವಿಚಿತ್ರ. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ನಿಂತ ಮೇಲೆ ಜೋಗದ ಎಂಟುನೂರು ಅಡಿಯ ಬಂಡೆ ಬೇಸಿಗೆಯಲ್ಲಿ ಬತ್ತಿ ನಿಲ್ಲುತ್ತದೆ, ಒಮ್ಮೆ ಮಾರ್ಚಿಯಲ್ಲಿ ನನ್ನ ತಂಗಿಯ ಮಗ ಅದನ್ನು ಕಂಡು, “ಮಾವ, ನೀರು ಎಷ್ಟು ಗಂಟೆಗೆ ಬಿಡ್ತಾರೆ?” ಎಂದು ಕೇಳಿದ್ದನು. ಅತ್ತ ಕೆಳಗೆ, ವಿದ್ಯುದಾಗಾರಗಳು ಹನ್ನೆರಡು ತಿಂಗಳೂ ತಿರುಗಿ ಹೊರಚೆಲ್ಲಿದ ಸಿಹಿನೀರು ಹೊನ್ನಾವರದ ಅಳಿವೆಯನ್ನು ಸೇರಿ, ಬೇಸಿಗೆಯಲ್ಲಿ ಕಡಲಿನಿಂದ ಒಳನುಗ್ಗಬೇಕಾದ ಉಪ್ಪನ್ನು ಹೊರಗೇ ತಡೆಯುತ್ತದೆ. ಮೇಲೆ ಕಡಮೆ, ಕೆಳಗೆ ಅತಿಯಾದ ಈ ನದಿಗೆ ಯಾವ ‘ಕನಿಷ್ಠ’ವನ್ನು ವಿಧಿಸುವಿರಿ?

ಉಪ್ಪು ತಗ್ಗಿದೊಡನೆ ಅಳಿವೆಯ ಬಳಚು ಕ್ಷೀಣಿಸಿತು. ಬಡವರ ಮನೆಯ ಸಾರಿಗೂ ಬುಟ್ಟಿ ಹೊತ್ತ ಹೆಂಗಸರ ಸಂಪಾದನೆಗೂ ಆಧಾರವಾಗಿದ್ದ ಚಿಪ್ಪು ಅದು. ಹೊನ್ನಾವರದ ಪೇಟೆಯಲ್ಲಿ ಒಮ್ಮೆ ಬುಟ್ಟಿಯೊಂದನ್ನು ನೋಡಿ, ಶರಾವತಿಯ ಬಳಚೆಂದು ನಾನು ಹಿಗ್ಗಿದಾಗ ಮಾರುತ್ತಿದ್ದ ಮುದುಕಿ ನಕ್ಕಳು. “ಇದು ಅಘನಾಶಿನೀದು ಒಡೆಯಾ. ನಮ್ಮ ಹೊಳೇಲಿ ಉಪ್ಪೆಲ್ಲಿ ಅದೆ?” ಅಘನಾಶಿನಿಯೆಂದರೆ ನೆರೆಯಲ್ಲೇ, ದೊಡ್ಡ ಅಣೆಕಟ್ಟನ್ನು ಕಾಣದೆ ಹರಿದು ಕಡಲು ಸೇರುವ ಹೊಳೆ. ಎಂಜಿನಿಯರರ ಕೋಷ್ಟಕದಲ್ಲಿ ಅದರ ಹೆಸರಿನ ಮುಂದೆ ವಿದ್ಯುತ್ತಿನ ಅಂಕಣ ಖಾಲಿಯಾಗಿರುವುದರಿಂದ, ಅವರ ಪಾಲಿಗೆ ಅದು ವ್ಯರ್ಥವಾಗಿ ಹರಿಯುವ ನೀರು.

ಪರಿಶೀಲನೆಗೆ ಬರುವ ಮಹನೀಯರು ಜೋಗದ ಅತಿಥಿಗೃಹದಲ್ಲಿ ತಂಗಿ ಹಿಂದಿರುಗದೆ, ಒಂದು ಏಪ್ರಿಲ್ ಮುಂಜಾನೆ ಹೊನ್ನಾವರಕ್ಕಿಳಿದು ಶರಾವತಿಯ ಬಳಚು ಒಂದು ಪಾವು ಕೊಂಡು ತರಲಿ. ಸಿಕ್ಕಿದರೆ ಸಾರಿಗೆ ಮಸಾಲೆ ನಾನು ಅರೆದು ಕೊಡುತ್ತೇನೆ.