ಹೊಲದ ಗಡಿಯಲ್ಲಿ ವನ್ಯಪ್ರಾಣಿ: ಕಾನೂನು, ಸುರಕ್ಷತೆ ಮತ್ತು ನೆರೆಹೊರೆಯ ಹೊಣೆ

ವನ್ಯಪ್ರಾಣಿಗಳ ದಾಳಿಯಿಂದಾಗುವ ಬೆಳೆ ನಷ್ಟವನ್ನು ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯ ಹೆಚ್ಚುವರಿ ರಕ್ಷಣೆಯಡಿ ಸೇರಿಸುವುದಾಗಿ ಕೇಂದ್ರ ಸರ್ಕಾರವು 2025ರ ನವೆಂಬರ್‌ನಲ್ಲಿ ಪ್ರಕಟಿಸಿತು. 2026ರ ಮುಂಗಾರಿನಿಂದ ಇದು ಅನ್ವಯವಾಗುತ್ತದೆ. ಕಾಡಂಚಿನ ರೈತರ ಬಹುಕಾಲದ ಬೇಡಿಕೆಗೆ ದೊರೆತ ಮನ್ನಣೆ ಇದು. ಆದರೆ ವಿಮೆಯು ನಷ್ಟ ತುಂಬುತ್ತದೆಯೇ ಹೊರತು ರಾತ್ರಿಯ ಕಾವಲನ್ನು ತಪ್ಪಿಸುವುದಿಲ್ಲ. ಆ ಕಾವಲಿನಲ್ಲಿ ಬೇಸತ್ತವರು ಬದುವಿನಲ್ಲಿ ಉರುಳು, ವಿದ್ಯುತ್ ತಂತಿ, ಕೋವಿಗಳ ಮೊರೆಹೋಗುತ್ತಿರುವುದು ಕಳವಳಕಾರಿ.

ಕಾನೂನು ಏನು ಹೇಳುತ್ತದೆ?

ಹೊಲ ರೈತನದು, ಹೊಲಕ್ಕೆ ಬಂದ ವನ್ಯಪ್ರಾಣಿ ರೈತನದಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಕಲಂ ಬೇಟೆಯನ್ನು ನಿಷೇಧಿಸುತ್ತದೆ. ಕೊಲ್ಲುವುದಷ್ಟೇ ಅಲ್ಲ, ಉರುಳು ಒಡ್ಡುವುದು, ಬಲೆ ಹಾಕುವುದು, ಅದಕ್ಕೆ ಯತ್ನಿಸುವುದು ಕೂಡ ಬೇಟೆಯೇ. ಸ್ವಂತ ಜಮೀನೆಂಬ ಕಾರಣಕ್ಕೆ ವಿನಾಯಿತಿ ಇಲ್ಲ.

11ನೇ ಕಲಂ ಅಡಿ ಸೀಮಿತ ಅವಕಾಶವಿದೆ. ಎರಡನೇ ಅನುಸೂಚಿಯಲ್ಲಿರುವ ಕಾಡುಹಂದಿಯು ನಿಂತ ಬೆಳೆಗೆ ಅಪಾಯಕಾರಿಯಾದರೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿಯು ಕಾರಣ ನಮೂದಿಸಿ ಲಿಖಿತ ಅನುಮತಿ ನೀಡಬಹುದು. ಕೊಪ್ಪಳ, ಗದಗ, ಹಾವೇರಿ ಭಾಗದ ರೈತರು ಚಿಗರಿ ಎಂದು ಕರೆಯುವ ಕೃಷ್ಣಮೃಗ ಮೊದಲನೇ ಅನುಸೂಚಿಯಲ್ಲಿದೆ. ಬೆಳೆ ಹಾನಿಯ ಕಾರಣಕ್ಕೆ ಅದನ್ನು ಕೊಲ್ಲಲು ಅನುಮತಿ ನೀಡಲು ಬರುವುದಿಲ್ಲ. ಆದ್ದರಿಂದ ಹಂದಿಗೆ ಹೇಳಿದ ಪರಿಹಾರವನ್ನು ಚಿಗರಿಗೂ ಹೇಳುವುದು ರೈತನನ್ನು ಜೈಲಿನ ದಾರಿಗೆ ಹಚ್ಚಿದಂತೆ.

ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ 2029ರವರೆಗೆ ವಿನಾಯಿತಿ ಇದೆ. ಅದು ಕೋವಿ ಹೊಂದುವ ಹಕ್ಕು, ಬೇಟೆಯ ಹಕ್ಕಲ್ಲ.

ತಂತಿಗೆ ಹಂದಿ, ಮನುಷ್ಯ ಎಂಬ ಭೇದವಿಲ್ಲ

ಬೇಲಿಗೆ ನೇರವಾಗಿ ಹರಿಸಿದ ವಿದ್ಯುತ್ ನಿರಂತರವಾದುದು. ಅದು ಸ್ನಾಯುಗಳನ್ನು ಬಿಗಿಹಿಡಿಯುವುದರಿಂದ ಮುಟ್ಟಿದವರು ಕೈ ಬಿಡಿಸಿಕೊಳ್ಳಲಾರರು. ಸೌರ ಬೇಲಿಯ ಯಂತ್ರವಾದರೋ ಸುಮಾರು ಸೆಕೆಂಡಿಗೊಮ್ಮೆ ಕ್ಷಣಮಾತ್ರದ ಮಿಡಿತ ನೀಡಿ ಪ್ರಾಣಿಯನ್ನು ಬೆದರಿಸುತ್ತದೆ, ಕೊಲ್ಲುವುದಿಲ್ಲ. ಈ ವ್ಯತ್ಯಾಸ ತಿಳಿಯದೆ ಹಾಕಿದ ತಂತಿಗೆ ನಸುಕಿನಲ್ಲಿ ನೀರು ಹಾಯಿಸಲು ಬಂದ ಪಕ್ಕದ ಹೊಲದವರು, ಕೆಲವೊಮ್ಮೆ ತಂತಿ ಹಾಕಿದವರ ಮನೆಯವರೇ ಬಲಿಯಾದ ದುರ್ಘಟನೆಗಳು ಮರುಕಳಿಸುತ್ತಿವೆ. ವಿದ್ಯುತ್ ಕಳವಿಗೆ ಮೂರು ವರ್ಷದವರೆಗೆ, ನಿರ್ಲಕ್ಷ್ಯದಿಂದ ಸಾವುಂಟಾದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಅಡಿ ಐದು ವರ್ಷದವರೆಗೆ ಸೆರೆವಾಸವಿದೆ. ಹೋದ ಜೀವ ಮಾತ್ರ ಯಾವ ಶಿಕ್ಷೆಯಿಂದಲೂ ಮರಳದು.

ಅನುಮತಿ ದೊರೆತಾಗ

ಕಾಡುಹಂದಿ ಹೊಡೆಯಲು ಅನುಮತಿ ದೊರೆತಲ್ಲಿ ಅದರ ಷರತ್ತುಗಳ ಜೊತೆಗೆ ಈ ಎಚ್ಚರಗಳು ಅನಿವಾರ್ಯ:

• ಕಾರ್ಯಾಚರಣೆಯ ದಿನ ಮತ್ತು ವೇಳೆಯನ್ನು ಸುತ್ತಲಿನ ಹಿಡುವಳಿದಾರರಿಗೂ ಕೂಲಿಕಾರರಿಗೂ ಮುಂಚಿತವಾಗಿ ತಿಳಿಸಬೇಕು.
• ಸಪ್ಪಳ ಅಥವಾ ಪೊದೆಯ ಅಲುಗಾಟ ಕಂಡು ಗುಂಡು ಹಾರಿಸಬಾರದು. ಪ್ರಾಣಿ ಪೂರ್ಣವಾಗಿ ಕಾಣಬೇಕು.
• ಗುರಿಯ ಹಿಂದೆ ದಾರಿ, ಲೈನ್‌ಮನೆ ಅಥವಾ ನೆರೆಯ ತೋಟವಿದ್ದರೆ ಹಾರಿಸಬಾರದು.
• ಬೇಲಿ ದಾಟುವಾಗ ಕೋವಿಯಲ್ಲಿ ತೋಟಾ ಇರಬಾರದು.
• ಗಾಯಗೊಂಡ ಹಂದಿ ಬೇರೆಯವರ ಜಮೀನಿಗೆ ನುಗ್ಗಿದರೆ ಅವರಿಗೆ ತಿಳಿಸಿ, ಅರಣ್ಯ ಸಿಬ್ಬಂದಿಯೊಡನೆ ಹುಡುಕಬೇಕು.
• ಸತ್ತ ಪ್ರಾಣಿ ಸರ್ಕಾರದ ಸ್ವತ್ತು. ಮಾಂಸ ಹಂಚಿಕೊಳ್ಳುವುದು ಅಪರಾಧ.

ರೈತರು ಮಾಡಬಹುದಾದುದು

ಒಬ್ಬರ ಹೊಲಕ್ಕೆ ಬೇಲಿಯಾದರೆ ಹಾವಳಿ ಪಕ್ಕದ ಹೊಲಕ್ಕೆ ಸರಿಯುತ್ತದೆ. ಆದ್ದರಿಂದ ಹೊಂದಿಕೊಂಡ ಹಿಡುವಳಿದಾರರು ಒಟ್ಟಾಗಿ ಸೌರ ಬೇಲಿ ಹಾಕಿ, ಸರದಿಯಲ್ಲಿ ಕಾವಲಿರುವುದು ಲೇಸು. ತಂತಿಗೆ ಕಳೆ ತಾಗದಂತೆ ಆಗಾಗ ಸವರಬೇಕು. ತಾಗಿದರೆ ಮಿಡಿತ ಸೋರಿಹೋಗುತ್ತದೆ. ಹಿಂಗಾರಿನಲ್ಲಿ ಅಂಚಿಗೆ ನಾಲ್ಕಾರು ಸಾಲು ಮುಳ್ಳು ಕುಸುಬೆ ಬಿತ್ತುವ ಹಿರಿಯರ ಪದ್ಧತಿ ಇಂದಿಗೂ ಉಪಯುಕ್ತ. ಆದರೆ ಹಸಿವಿನಿಂದ ಬಂದ ಹಿಂಡಿಗೆ ಅದೊಂದೇ ಸಾಲದು.

ವಿಮೆ ಪಡೆಯಲು ಹಾನಿಯಾದ 72 ಗಂಟೆಗಳೊಳಗೆ ಬೆಳೆ ವಿಮೆ ಆ್ಯಪ್‌ನಲ್ಲಿ ಸ್ಥಳಸೂಚಕ ಛಾಯಾಚಿತ್ರಗಳೊಂದಿಗೆ ದೂರು ದಾಖಲಿಸಬೇಕು. ಪ್ರಾಣಿಗಳ ಪಟ್ಟಿಯನ್ನೂ ಪ್ರದೇಶಗಳನ್ನೂ ರಾಜ್ಯಗಳು ಅಧಿಸೂಚಿಸಬೇಕಾದುದರಿಂದ, ತಮ್ಮ ಬೆಳೆ ಮತ್ತು ಪ್ರದೇಶ ಒಳಪಟ್ಟಿವೆಯೇ ಎಂಬುದನ್ನು ನೋಂದಣಿಗೆ ಮುನ್ನ ರೈತ ಸಂಪರ್ಕ ಕೇಂದ್ರದಲ್ಲಿ ಖಚಿತಪಡಿಸಿಕೊಳ್ಳಬೇಕು.

ವಿಸ್ತರಣಾ ಕಾರ್ಯಕರ್ತರು ಬಿತ್ತನೆಗೆ ಮುನ್ನ ನಡೆಸುವ ಗ್ರಾಮಸಭೆಗಳಲ್ಲಿ ಬೀಜ, ಗೊಬ್ಬರದ ಮಾತಿನೊಂದಿಗೆ ಬೇಲಿಯ ಮಾತನ್ನೂ ಆಡಬೇಕು. ಒಂದು ಹಂಗಾಮಿನ ಬೆಳೆ ಹೋದರೆ ಮುಂದಿನ ಹಂಗಾಮು ಬರುತ್ತದೆ. ಬದುವಿನ ತಂತಿಗೆ ನೆರೆಯವನು ಬಲಿಯಾದರೆ ಎರಡು ಮನೆಗಳು ಹಾಳಾಗುತ್ತವೆ.