ತಾರೀಕಿಲ್ಲದ ವರದಿ

ಹಾರ್ಮೋನ್ ಪರೀಕ್ಷೆಯ ವರದಿಯಲ್ಲಿ ಒಂದು ಅಂಕಿ ದಪ್ಪಕ್ಷರದಲ್ಲಿ ಕಂಡರೂ ಸಾಕು, ಹೆತ್ತವರ ಎದೆ ಧಸಕ್ಕೆನ್ನುತ್ತದೆ. ಮೇಲೂರಿನಿಂದ ಶಿಡ್ಲಘಟ್ಟಕ್ಕೋ ಚಿಕ್ಕಬಳ್ಳಾಪುರಕ್ಕೋ ಮಗಳನ್ನು ಕರೆದೊಯ್ದು, ರಕ್ತ ಕೊಡಿಸಿ, ಸ್ಕ್ಯಾನ್ ಮಾಡಿಸಿಕೊಂಡು ಬಂದ ತಾಯಿಗೆ ಆ ಹಾಳೆಯಲ್ಲಿ ಮೊದಲು ಕಾಣುವುದೇ ಮಗಳ ಮದುವೆಯ ಚಿಂತೆ. 'ಪಿಸಿಒಡಿ ಅಂತೆ', ಅಂದರೆ ಅಂಡಾಶಯದ ತೊಂದರೆಯಂತೆ, ಎಂಬ ಮಾತು ನಾಲ್ಕು ಮನೆ ದಾಟಿದರೆ ಸಂಬಂಧ ಕೂಡಿಬರುವುದಿಲ್ಲ ಎಂದು ಹೆದರಿ ವರದಿಯನ್ನು ಬೀರುವಿನೊಳಗೆ ಬಚ್ಚಿಡುವವರಿದ್ದಾರೆ. ಅದರಲ್ಲಿ ನಿಜಕ್ಕೂ ಏನು ಬರೆದಿದೆ ಎಂದು ಆ ಹುಡುಗಿಗೆ ಯಾರೂ ಹೇಳಿರುವುದಿಲ್ಲ.

ಆ ವರದಿ ಓದಲು ಬೇಕಾದ ಮುಖ್ಯ ವಿವರ ಬಹಳ ಸಲ ಅದರಲ್ಲಿ ಇರುವುದೇ ಇಲ್ಲ. ರಕ್ತ ಕೊಟ್ಟದ್ದು ಮುಟ್ಟಿನ ಎಷ್ಟನೇ ದಿನ? ಎಲ್‌ಎಚ್ ಎಂಬ ಹಾರ್ಮೋನು ಅಂಡ ಬಿಡುಗಡೆಯಾಗುವ ಹೊತ್ತಿಗೆ ಸಹಜವಾಗಿಯೇ ಹಲವು ಪಟ್ಟು ಏರುತ್ತದೆ. ಅಂಥ ದಿನ ರಕ್ತ ಕೊಟ್ಟವಳಿಗೆ ಎಲ್‌ಎಚ್ ಜಾಸ್ತಿ ಎಂದು ಹೆದರಿಸುವುದು ಅನ್ಯಾಯ. ಅದಕ್ಕೇ ಎಲ್‌ಎಚ್, ಎಫ್‌ಎಸ್‌ಎಚ್ ಹಾರ್ಮೋನುಗಳನ್ನು ಸಾಮಾನ್ಯವಾಗಿ ಮುಟ್ಟಿನ 2ರಿಂದ 5ನೇ ದಿನದೊಳಗೆ ನೋಡುತ್ತಾರೆ. ಅಂಡ ಬಿಡುಗಡೆಯಾಯಿತೇ ಎಂದು ತಿಳಿಸುವ ಪ್ರೊಜೆಸ್ಟರಾನ್ ಪರೀಕ್ಷೆಗೆ '21ನೇ ದಿನ ಬನ್ನಿ' ಎಂದು ಬರೆದುಕೊಡುವ ರೂಢಿಯಿದೆ. ಅದು 28 ದಿನಕ್ಕೊಮ್ಮೆ ಮುಟ್ಟಾಗುವವರ ಲೆಕ್ಕ. ನೋಡಬೇಕಾದದ್ದು ಮುಂದಿನ ಮುಟ್ಟಿಗೆ ಸುಮಾರು ಏಳು ದಿನ ಮೊದಲು. 42 ದಿನಕ್ಕೊಮ್ಮೆ ಆಗುವವಳಿಗೆ ಅದು 35ನೇ ದಿನ. ಅವಳ ರಕ್ತವನ್ನು 21ಕ್ಕೇ ತೆಗೆದರೆ ಅಂಡ ಬಿಡುಗಡೆಯಾಗಿಲ್ಲ ಎಂದೇ ವರದಿ ಬರುತ್ತದೆ. ಬಿಡುಗಡೆ ಇನ್ನೊಂದು ವಾರಕ್ಕೆ ಆಗುವುದಿತ್ತು ಎಂಬುದು ಯಾರಿಗೂ ಗೊತ್ತಾಗುವುದಿಲ್ಲ.

ನುಂಗಿದ ಮಾತ್ರೆಗಳ ಲೆಕ್ಕವೂ ಬೇಕು. ಗ್ಯಾಸ್ಟ್ರಿಕ್ ಎಂದು ಅಂಗಡಿಯಲ್ಲಿ ಕೇಳಿ ತರುವ ಎಷ್ಟೋ ಮಾತ್ರೆಗಳಲ್ಲಿ ಡೊಂಪೆರಿಡೋನ್ ಇರುತ್ತದೆ. ಅದು ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ಏರಿಸುತ್ತದೆ. ಜಾತ್ರೆಗೋ ಗೃಹಪ್ರವೇಶಕ್ಕೋ ಮುಟ್ಟು ಮುಂದೂಡಲು ತೆಗೆದುಕೊಂಡ ಮಾತ್ರೆ ಆ ತಿಂಗಳ ಲೆಕ್ಕವನ್ನೇ ಬದಲಿಸಿಬಿಡುತ್ತದೆ. ಗರ್ಭನಿರೋಧಕ ಮಾತ್ರೆ ನುಂಗುತ್ತಿರುವಾಗ ಮಾಡಿಸಿದ ಟೆಸ್ಟೋಸ್ಟಿರಾನ್ ಎಂಬ ಗಂಡು ಹಾರ್ಮೋನಿನ ಪರೀಕ್ಷೆಯನ್ನು ನಂಬುವಂತಿಲ್ಲ. ಇವನ್ನೆಲ್ಲ ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು, ಅವರು ಕೇಳದಿದ್ದರೂ.

1935ರಲ್ಲಿ ಶಿಕಾಗೊದ ಸ್ಟೀನ್ ಮತ್ತು ಲೆವೆಂಥಾಲ್ ಎಂಬ ವೈದ್ಯರು ಏಳು ಮಹಿಳೆಯರನ್ನು ಪರೀಕ್ಷಿಸಿ ಇಂದು ಪಿಸಿಒಡಿ ಎನ್ನುವ ಈ ತೊಂದರೆಯ ಬಗ್ಗೆ ಬರೆದರು. ಆಗ ಎಲ್ಲರ ಕಣ್ಣೂ ಅಂಡಾಶಯದ ಗುಳ್ಳೆಗಳ ಮೇಲಿತ್ತು. ಸ್ಕ್ಯಾನ್‌ನಲ್ಲಿ ಕಾಣುವ ಆ 'ನೀರುಗುಳ್ಳೆ'ಗಳು ಬಲಿಯದೆ ನಿಂತ ಅಂಡಕೋಶಗಳು, ಗಡ್ಡೆಗಳಲ್ಲ ಎಂಬುದು ಈಗ ಗೊತ್ತು. ಎಎಂಎಚ್ ಹಾರ್ಮೋನು ಹುಟ್ಟುವುದೂ ಅವುಗಳಿಂದಲೇ. ಗುಳ್ಳೆ ಹೆಚ್ಚಿದ್ದರೆ ಅದೂ ಹೆಚ್ಚು. 2003ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ಸೇರಿದ ತಜ್ಞರು ಮೂರು ಲಕ್ಷಣ ಗೊತ್ತುಮಾಡಿದರು: ಮುಟ್ಟು ಏರುಪೇರಾಗುವುದು, ಗಂಡು ಹಾರ್ಮೋನು ಹೆಚ್ಚಿರುವುದು (ಮುಖದ ಮೇಲೆ ಒರಟು ಕೂದಲು ಬಂದರೂ ಇದರ ಲೆಕ್ಕಕ್ಕೇ ಸೇರುತ್ತದೆ), ಸ್ಕ್ಯಾನ್‌ನಲ್ಲಿ ಗುಳ್ಳೆಗಳು. ಮೂರರಲ್ಲಿ ಎರಡಿರಬೇಕು, ಥೈರಾಯ್ಡ್‌ನಂಥ ಬೇರೆ ಕಾರಣ ಇಲ್ಲವೆಂದು ಖಚಿತವಾಗಬೇಕು. ಸ್ಕ್ಯಾನ್ ಒಂದನ್ನೇ ಹಿಡಿದು ತೀರ್ಪು ಕೊಡುವಂತಿಲ್ಲ.

ಹದಿನೈದರ ಹುಡುಗಿಗೆ ಸ್ಕ್ಯಾನ್ ಮಾಡಿ 'ಪಿಸಿಒಡಿ' ಎಂದು ಚೀಟಿ ಅಂಟಿಸಿ ಕಳಿಸುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ದೊಡ್ಡವಳಾಗಿ ಎಂಟು ವರ್ಷ ತುಂಬುವವರೆಗೆ ಸ್ಕ್ಯಾನ್ ಆಗಲಿ ಎಎಂಎಚ್ ಆಗಲಿ ಇದರ ನಿರ್ಣಯಕ್ಕೆ ಬಳಸಬಾರದು ಎಂದು 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಆ ವಯಸ್ಸಿನ ಆರೋಗ್ಯವಂತ ಹುಡುಗಿಯರ ಅಂಡಾಶಯವೂ ಗುಳ್ಳೆಗುಳ್ಳೆಯಾಗಿ ಕಾಣುವುದುಂಟು. ಮೈನೆರೆದ ಮೊದಲ ವರ್ಷ ಮುಟ್ಟು ಹಿಂದುಮುಂದಾಗುವುದು ಸಹಜ. ನಂತರದ ಎರಡು ವರ್ಷಗಳಲ್ಲಿ 21 ದಿನಕ್ಕಿಂತ ಬೇಗ ಅಥವಾ 45 ದಿನಕ್ಕಿಂತ ತಡವಾಗಿ ಆಗುತ್ತಿದ್ದರೆ, ಮೂರು ವರ್ಷ ಕಳೆದ ಮೇಲೆ 35 ದಿನ ಮೀರುತ್ತಿದ್ದರೆ ಅಥವಾ ವರ್ಷಕ್ಕೆ ಎಂಟು ಸಲಕ್ಕಿಂತ ಕಡಿಮೆಯಾದರೆ ಅದು ಏರುಪೇರು. ಮೊದಲ ವರ್ಷ ದಾಟಿದ ಮೇಲೆ ಒಮ್ಮೆಯಾದರೂ 90 ದಿನ ಮೀರಿದರೆ ತೋರಿಸಲೇಬೇಕು.

ಹೀಗೆ ಎಲ್ಲವೂ ತಾರೀಕಿಗೇ ಬಂದು ನಿಲ್ಲುತ್ತದೆ. ಮೇಲೂರಿನ ಸುತ್ತ ರೇಷ್ಮೆ ಬೆಳೆಯುವ ಮನೆಗಳಲ್ಲಿ ತಾರೀಕಿನ ಬೆಲೆ ಯಾರಿಗೂ ಹೇಳಿಕೊಡಬೇಕಿಲ್ಲ. ಚಾಕಿ (ಎಳೆಯ ಹುಳು) ತಂದ ದಿನ, ಹುಳು ಪೊರೆ ಬಿಡುವ ಜ್ವರಕ್ಕೆ ಕೂತ ದಿನ, ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟ ದಿನ ಎಲ್ಲ ನಾಲಿಗೆಯ ತುದಿಯಲ್ಲಿರುತ್ತವೆ. ಒಂದು ದಿನ ತಡವಾದರೂ ಏನು ಎಡವಟ್ಟಾಯಿತು ಎಂದು ಹುಡುಕುತ್ತಾರೆ. ಅದೇ ಮನೆಯ ಮಗಳನ್ನು ಡಾಕ್ಟರು 'ಹಿಂದಿನ ಡೇಟ್ ಯಾವಾಗಮ್ಮ?' ಎಂದರೆ ಅವಳು ಅಮ್ಮನ ಮುಖ ನೋಡುತ್ತಾಳೆ. ಹೊರಗೆ ಕೂರಿಸುತ್ತಿದ್ದ ಕಾಲದಲ್ಲಿ ಅವಳ ಮುಟ್ಟಿನ ದಿನ ಮನೆಮಂದಿಗೆಲ್ಲ ಗೊತ್ತಿರುತ್ತಿತ್ತು, ಅವಮಾನದ ರೂಪದಲ್ಲಿ. ಆ ಪದ್ಧತಿ ಹೋಗುತ್ತಿರುವುದು ಒಳ್ಳೆಯದೇ. ಆದರೆ ಲೆಕ್ಕ ಈಗ ಅವಳ ಕೈಗೆ ಬರಬೇಕು. ಶುರುವಾದ ದಿನ, ನಿಂತ ದಿನ, ಸ್ರಾವ ಎಷ್ಟಿತ್ತು ಎಂದು ಆರು ತಿಂಗಳು ಗುರುತು ಹಾಕಿಟ್ಟರೆ ಸಾವಿರಾರು ರೂಪಾಯಿಯ ಹಾರ್ಮೋನ್ ಪ್ಯಾಕೇಜ್ ಹೇಳದ್ದನ್ನು ಅದು ಹೇಳುತ್ತದೆ.

ಮದುವೆಯ ಭಯಕ್ಕೆ ಬರೋಣ. ಮಕ್ಕಳಾಗುವ ವಯಸ್ಸಿನ ನೂರು ಹೆಂಗಸರಲ್ಲಿ 10ರಿಂದ 13 ಮಂದಿಗೆ ಈ ತೊಂದರೆ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅವರಲ್ಲಿ ಹೆಚ್ಚಿನವರಿಗೆ ಮಕ್ಕಳಾಗುತ್ತವೆ. ಕೆಲವರಿಗೆ ತಾನಾಗಿ, ಕೆಲವರಿಗೆ ಅಂಡ ಬಿಡುಗಡೆಗೆ ಕೊಡುವ ಲೆಟ್ರೊಜೋಲ್‌ನಂಥ ಮಾತ್ರೆಯಿಂದ. ಹೆದರಬೇಕಾದದ್ದು ಬೇರೆಯೇ ಇದೆ. ತಿಂಗಳುಗಟ್ಟಲೆ ಮುಟ್ಟಾಗದಿದ್ದರೆ ಗರ್ಭಕೋಶದ ಒಳಪದರ ದಪ್ಪವಾಗುತ್ತ ಹೋಗುತ್ತದೆ, ಅದಕ್ಕೆ ಚಿಕಿತ್ಸೆ ಬೇಕು. ಸಕ್ಕರೆ ಕಾಯಿಲೆ ಸಣ್ಣ ವಯಸ್ಸಿನಲ್ಲೇ ಬರುವ ಅಪಾಯವೂ ಇವರಿಗೆ ಹೆಚ್ಚು. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ಮಾಡುವ ಸಕ್ಕರೆ ಪರೀಕ್ಷೆ, ಬಿಪಿ, ಕೊಬ್ಬಿನ ಪರೀಕ್ಷೆ ಇವರಿಗೆ ಅಗತ್ಯ. ಉದ್ದನೆಯ ಹಾರ್ಮೋನ್ ಪಟ್ಟಿಯ ಗದ್ದಲದಲ್ಲಿ ಮರೆತುಹೋಗುವುದು ಇವೇ.

ತಾಯಂದಿರಲ್ಲಿ ಒಂದು ಕೋರಿಕೆ. ಮುಂದಿನ ಸಲ ಡಾಕ್ಟರ ಎದುರು ಕೂತಾಗ ಮಗಳ ಪರವಾಗಿ ನೀವು ಉತ್ತರಿಸಬೇಡಿ. ಅವಳ ತಾರೀಕುಗಳನ್ನು ಅವಳೇ ಹೇಳಲಿ, ಕೇಳಬೇಕಾದದ್ದನ್ನು ಅವಳೇ ಕೇಳಲಿ.