ಅಪ್ಪನ ಕೂಡ, ಅಪ್ಪನೂ ಕೂಡ

ಇಂಗ್ಲಿಷಿನ ‘ವಿತ್’ ಎಂಬ ಪದ ಚಿಕ್ಕದು, ಹೊರುವ ಭಾರ ದೊಡ್ಡದು. ಗೆಳೆಯನ ಸಂಗಡ ಹೋದರೂ ‘ವಿತ್’, ಕತ್ತಿಯಿಂದ ಕೊಯ್ದರೂ ‘ವಿತ್’, ಕೈಯಲ್ಲಿ ಹಣವಿದ್ದರೂ ‘ವಿತ್’. ಅಲ್ಲಿ ಅದು ನಾಮಪದಕ್ಕಿಂತ ಮೊದಲು ಬರುತ್ತದೆ. ಕನ್ನಡದಲ್ಲಿ ಈ ಕಾರ್ಯವನ್ನು ನಾಮಪದದ ಬೆನ್ನಿಗೆ ಬರುವ ಮಾತುಗಳು ಮಾಡುತ್ತವೆ. ಒಂದೊಂದು ಅರ್ಥಕ್ಕೆ ಒಂದೊಂದು ಮಾತು. ಅವೂ ಸೀಮೆಯಿಂದ ಸೀಮೆಗೆ ಬೇರೆ.

ನವಲಗುಂದ, ಕುಂದಗೋಳಗಳ ಹಳ್ಳಿಗರು ಇವನ್ನು ಬೆರೆಸುವುದಿಲ್ಲ. ರೊಟ್ಟಿಯನ್ನು ಬಡಿಯುವುದು ‘ಕೈಲೆ’. ಜಾತ್ರೆಗೆ ಹೋಗುವುದು ‘ಅಪ್ಪನ ಕೂಡ’. ಹಣವಿರುವುದು ‘ನನ್ನ ಕಡೆ’. ಮರಾಠಿಯ ‘ಕಡೇ’ ಎಂಬುದಕ್ಕೂ ಈ ಪ್ರಯೋಗವುಂಟು. ಅಣ್ಣಿಗೇರಿಯ ಅಂಗಡಿಕಾರನು “ನಿಮ್ಮ ಕಡೆ ಚಿಲ್ಲರ ಐತೇನ್ರಿ?” ಎಂದರೆ ಮೈಸೂರಿನ ಅತಿಥಿಯು, ತನ್ನ ಊರಿನಲ್ಲಿ ಚಿಲ್ಲರೆ ದೊರೆಯುವುದೇ ಎಂದು ಕೇಳುತ್ತಿರುವನೆಂದು ಭಾವಿಸಿಯಾನು!

ಹೆಚ್ಚಿನ ತೊಡಕು ‘ಕೂಡ’ ಎಂಬುದರಲ್ಲಿ. ಮೈಸೂರು ಸೀಮೆಯಲ್ಲಿ ಅದಕ್ಕೆ ‘ಸಹ’ ಎಂಬ ಅರ್ಥವೇ ರೂಢಿ; ಸಂಗಡವೆನ್ನಲು ‘ಜೊತೆ’ ಇದೆ. ಧಾರವಾಡದ ಕಡೆ ‘ಸಹ’ ಎಂಬ ಅರ್ಥಕ್ಕೆ ‘ಸುದ್ಧಾ’ ಎಂಬ ಮಾತಿದೆ. 1956ರ ನವೆಂಬರ್ 1ರಂದು ಈ ಎರಡು ಸೀಮೆಗಳೂ ಒಂದೇ ರಾಜ್ಯದಲ್ಲಿ ಕೂಡಿದವು. ‘ಕೂಡ’ದ ಅರ್ಥ ಮಾತ್ರ ಎರಡಾಗಿಯೇ ಉಳಿಯಿತು.

ಹಾಗಾದರೆ ಕಲಘಟಗಿಯ ಬಾಲಕನೊಬ್ಬನು ‘ತಂದೆಯ ಕೂಡ ಹೊಲಕ್ಕೆ ಹೋದೆನು’ ಎಂದು ಬರೆದರೆ, ಉಪಾಧ್ಯಾಯರು ‘ಕೂಡ’ವನ್ನು ಹೊಡೆದು ‘ಜೊತೆ’ ಎಂದು ತಿದ್ದಬೇಕೆ? ಬೇಕಾಗಿಲ್ಲ. ಎರಡು ಅರ್ಥಗಳ ಮೂಲವೂ ‘ಕೂಡು’ ಧಾತುವೇ. ವ್ಯಕ್ತಿಯೊಡನೆ ವ್ಯಕ್ತಿ ಕೂಡಿದರೆ ‘ಸಂಗಡ’ವಾಯಿತು, ಹೇಳಿದ್ದಕ್ಕೆ ಇನ್ನೊಂದು ಕೂಡಿದರೆ ‘ಸಹ’ವಾಯಿತು. ಇವು ಗೊಂದಲವಾಗದಂತೆ ವಿಭಕ್ತಿಯು ಕಾವಲಿದೆ. ‘ಅಪ್ಪನ ಕೂಡ’ ಎಂಬಲ್ಲಿ ಷಷ್ಠಿಯುಂಟು: ಹೋದವನು ಮಗ, ಸಂಗಡಿಗನು ಅಪ್ಪ. ‘ಅಪ್ಪನೂ ಕೂಡ ಹೋದನು’ ಎಂಬಲ್ಲಿ ಪ್ರಥಮೆ: ಹೋದವನೇ ಅಪ್ಪ. ‘ಅವರ ಕೂಡ’, ‘ಅವರು ಕೂಡ’ ಎಂಬಲ್ಲಿ ಒಂದು ಉಕಾರವೇ ಅರ್ಥವನ್ನು ಬೇರ್ಪಡಿಸುತ್ತದೆ.

ಆದುದರಿಂದ ತಿದ್ದುವ ಕೈ ಮೊದಲು ವಿಭಕ್ತಿಯನ್ನು ನೋಡಲಿ. ಅದು ಸರಿಯಿದ್ದರೆ ಬಾಲಕನ ವಾಕ್ಯವೂ ಸರಿಯೇ. ಮನೆಯಲ್ಲಿ ಕಲಿತ ಮಾತು ತಪ್ಪೆಂದು ಎಳೆಯ ವಯಸ್ಸಿನಲ್ಲಿಯೇ ನಂಬಿದವನು ಮುಂದೆ ಬಾಯಿ ತೆರೆಯಲು ಅಂಜುತ್ತಾನೆ. ‘ಜೊತೆ’ಯನ್ನೂ ಅವನಿಗೆ ಕಲಿಸಬೇಕು, ಅದಕ್ಕಾಗಿ ಅವನ ‘ಕೂಡ’ವನ್ನು ಕಸಿದುಕೊಳ್ಳಬೇಕಾಗಿಲ್ಲ.